ಕೇದಾರದ ಚಳಿಯೂ ಕೈಬೆರಳುಗಳ ಕಾಳಜಿಯೂ

ಮಹಾಶಿವರಾತ್ರಿಯ ದಿನ ಊಖಿಮಠದಲ್ಲಿ ಕೇದಾರನಾಥ ದೇವಾಲಯದ ಬಾಗಿಲು ತೆರೆಯುವ ಮುಹೂರ್ತ ಪ್ರಕಟವಾಯಿತೆಂದರೆ ನಮ್ಮ ಸಮಾಜದ ಅನೇಕ ಮನೆಗಳಲ್ಲಿ ಯಾತ್ರೆಯ ಮಾತು ಮೊದಲಾಗುತ್ತದೆ. ಪಂಚಪೀಠಗಳಲ್ಲೊಂದಾದ ಕೇದಾರ ಪೀಠದ ನೆಲವದು. ದೇವಾಲಯದ ರಾವಲರು ವೀರಶೈವ ಪರಂಪರೆಯವರು. ಹೀಗಾಗಿ ಅರುವತ್ತು ದಾಟಿದ ತಾಯಿ ತಂದೆಯರೂ ಒಮ್ಮೆ ಅಲ್ಲಿಗೆ ಹೋಗಿ ಬರಬೇಕೆಂದು ಹಂಬಲಿಸುವುದು ಸಹಜವೇ ಆಗಿದೆ. ಸ್ವೆಟರು, ಶಾಲು, ಮಂಕಿ ಟೋಪಿ, ಉಣ್ಣೆಯ ಕಾಲುಚೀಲ ಎಲ್ಲವೂ ಗಂಟಿಗೆ ಸೇರುತ್ತವೆ. ಕೈಗವಸಿನ ಮಾತು ಬಂದಾಗ ಮಾತ್ರ, ಅದೇನು ಮಹಾ, ಅಲ್ಲಿಯೇ ಕೊಂಡರಾಯಿತು ಎಂಬ ಉತ್ತರ ಬರುತ್ತದೆ. ಈ ಒಂದು ಉದಾಸೀನದ ಕುರಿತು ನಾಲ್ಕು ಮಾತು ಬರೆಯಬೇಕೆಂದು ನಮಗೆ ಬಹುದಿನಗಳಿಂದ ಅನ್ನಿಸಿದ್ದಿತು.

ನಡಿಗೆ ಆರಂಭವಾಗುವ ಗೌರಿಕುಂಡ ಸಮುದ್ರಮಟ್ಟದಿಂದ ಸುಮಾರು 1,980 ಮೀಟರ್ ಎತ್ತರದಲ್ಲಿದೆ. ಕೇದಾರನಾಥ ಸುಮಾರು 3,580 ಮೀಟರ್. ಪ್ರತಿ ಸಾವಿರ ಮೀಟರಿಗೆ ಉಷ್ಣತೆ ಸುಮಾರಾಗಿ ಆರೂವರೆ ಡಿಗ್ರಿ ಇಳಿಯುತ್ತದೆ. ಅಂದರೆ ಕೆಳಗೆ ಹಿತವಾಗಿದ್ದ ಗಾಳಿ ಮೇಲೆ ತಲುಪುವಷ್ಟರಲ್ಲಿ ಹತ್ತು ಡಿಗ್ರಿಯಷ್ಟು ತಂಪಾಗಿರುತ್ತದೆ. ಮೇ ತಿಂಗಳ ಆರಂಭದಲ್ಲಿಯೂ ಅಕ್ಟೋಬರಿನಲ್ಲಿಯೂ ಅಲ್ಲಿಯ ರಾತ್ರಿಗಳು ಸೊನ್ನೆಗಿಂತ ಕೆಳಗಿಳಿಯುವುದುಂಟು. ಬೆಂಗಳೂರಿನ ಡಿಸೆಂಬರ್ ಮುಂಜಾವಿನ ಹದಿನೈದು ಡಿಗ್ರಿಯನ್ನೇ ಚಳಿಯೆಂದು ಕರೆಯುವ ನಮ್ಮವರ ಕೈಗಳಿಗೆ ಇದು ಅಪರಿಚಿತ ಲೋಕ. 2013ರ ಜೂನ್ ತಿಂಗಳ ಪ್ರವಾಹದಲ್ಲಿ ಹಳೆಯ ದಾರಿ ಕೊಚ್ಚಿಹೋದ ತರುವಾಯ ನಿರ್ಮಿಸಿದ ಹಾದಿ ಸುಮಾರು 16 ಕಿಲೋಮೀಟರ್. ವಯಸ್ಸಾದವರಿಗೆ ಅದು ದಿನವಿಡೀ ನಡಿಗೆಯೇ ಸರಿ.

ಚಳಿ ತಾಗಿದೊಡನೆ ದೇಹವು ಹೃದಯ, ಶ್ವಾಸಕೋಶ ಮೊದಲಾದ ಒಳ ಅವಯವಗಳ ಶಾಖವನ್ನು ಕಾಯ್ದುಕೊಳ್ಳಲು ಕೈಕಾಲುಗಳ ತುದಿಯ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಬೆರಳಿನ ಚರ್ಮದ ಉಷ್ಣತೆ ಸುಮಾರು 15 ಡಿಗ್ರಿಗಿಂತ ಕೆಳಗಿಳಿದಾಗ ಬೆರಳುಗಳ ಚಳಕ ಕುಂದುತ್ತದೆ. ಸುಮಾರು 8 ಡಿಗ್ರಿಗೆ ಬಂದಾಗ ಸ್ಪರ್ಶಜ್ಞಾನವೇ ಮಂಕಾಗುತ್ತದೆ. ಕೈಯಲ್ಲಿ ಏನಿದೆ, ಏನು ಜಾರಿತು ಎಂಬುದು ಕಣ್ಣಿನಿಂದ ನೋಡಿದರಷ್ಟೇ ತಿಳಿಯುವ ಸ್ಥಿತಿಯದು.

ಯಾತ್ರಿಕನ ಕೈಗೆ ಕೆಲಸವೇನು ಕಡಿಮೆಯೇ? ಊರುಗೋಲು ಹಿಡಿಯಬೇಕು, ನೋಂದಣಿಯ ಕಾಗದ ತೆಗೆದು ತೋರಿಸಬೇಕು, ರಕ್ತದೊತ್ತಡದ ಮಾತ್ರೆಯನ್ನು ಪಟ್ಟಿಯಿಂದ ಬಿಡಿಸಬೇಕು, ಕೋಟಿನ ಗುಂಡಿ ಹಾಕಬೇಕು. ಇವೆಲ್ಲಕ್ಕಿಂತ ಮಿಗಿಲಾದುದು ಇಷ್ಟಲಿಂಗ ಪೂಜೆ. ಕರಡಿಗೆಯ ಮುಚ್ಚಳ ತೆರೆಯುವಾಗ, ಲಿಂಗವನ್ನು ಎಡ ಅಂಗೈಗೆ ಬಿಜಯಂಗೈಸುವಾಗ, ಮೂರು ಬೆರಳುಗಳಿಂದ ವಿಭೂತಿ ಧರಿಸುವಾಗ ಕೈ ಬರಿದಾಗಿಯೇ ಇರಬೇಕು. ಮರಗಟ್ಟಿದ ಅಂಗೈಯಲ್ಲಿ ಲಿಂಗದ ಸ್ಪರ್ಶವೇ ಅರಿವಿಗೆ ಬಾರದು. ಕೈ ನಡುಗಿದರಂತೂ ಲಿಂಗ ಜಾರೀತೆಂಬ ಭಯ. ಹಿರಿಯರೊಬ್ಬರು ಅಲ್ಲಿಯ ವಸತಿಯಲ್ಲಿ ಶಿವದಾರದ ಗಂಟು ಸಡಿಲಿಸಲಾಗದೆ ಮೊಮ್ಮಗನನ್ನು ಕರೆದು, ಅವನ ಬೆರಳುಗಳೂ ಆಡದೆ ಇಬ್ಬರೂ ಕಾದು ಕುಳಿತುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಆದುದರಿಂದ ಕೈಗವಸು ಪೂಜೆಯ ಹೊತ್ತಿಗೆ ಕೈಯನ್ನು ಕಾಪಾಡುವುದಿಲ್ಲ, ಪೂಜೆಯ ಹೊತ್ತಿನವರೆಗೆ ಕಾಪಾಡಿ ತರಬೇಕು.

ಬೆಟ್ಟದ ಬುಡದ ಅಂಗಡಿಗಳಲ್ಲಿ ಸಾಮಾನ್ಯವಾಗಿ ಎರಡು ಬಗೆ ಕಾಣುತ್ತವೆ. ಒಂದು, ತೆಳುವಾದ ಹೆಣಿಗೆಯ ಗವಸು. ಬೆರಳು ಚೆನ್ನಾಗಿ ಆಡುತ್ತದೆ, ಆದರೆ ಗಾಳಿ ನೇರವಾಗಿ ಒಳನುಗ್ಗುತ್ತದೆ. ಇನ್ನೊಂದು, ರೆಕ್ಸಿನ್ ಹೊರಮೈಯ ದಪ್ಪ ಗವಸು. ಅದನ್ನು ತೊಟ್ಟರೆ ಕೈ ಬೆಚ್ಚಗಿದ್ದೀತು, ಆದರೆ ಗುಂಡಿ ಹಾಕುವುದಿರಲಿ, ಜೇಬಿಗೆ ಕೈ ಹೋಗುವುದೇ ಕಷ್ಟ. ಮಾತುಮಾತಿಗೆ ಅದನ್ನು ಕಳಚಬೇಕಾಗುತ್ತದೆ, ಕಳಚಿದಾಗಲೆಲ್ಲ ಒಳಗೆ ಕೂಡಿದ ಶಾಖ ಹೊರಟುಹೋಗುತ್ತದೆ. ಬೆಚ್ಚಗೂ ಇರಬೇಕು, ಬೆರಳೂ ಆಡಬೇಕು ಎಂಬ ಎರಡೂ ಕೆಲಸಗಳನ್ನು ಒಂದೇ ಗವಸಿನಿಂದ ಬಯಸುವುದು ಬಹುಮಟ್ಟಿಗೆ ವ್ಯರ್ಥವೆಂಬುದು ನಮ್ಮ ಅಭಿಪ್ರಾಯ.

ಹಿಮಪ್ರದೇಶಗಳಲ್ಲಿ ದುಡಿಯುವವರು ಇದಕ್ಕೆ ಕಂಡುಕೊಂಡ ಉಪಾಯ ಎರಡು ಪದರ. ಒಳಗೆ ಮೈಗಂಟುವ ತೆಳು ಉಣ್ಣೆಯದೋ ರೇಷ್ಮೆಯದೋ ಪಾಲಿಯೆಸ್ಟರಿನದೋ ಒಳಗವಸು. ಅದರ ಮೇಲೆ ಗಾಳಿ ಮಳೆ ತಡೆಯುವ ಸಡಿಲವಾದ ಹೊರಗವಸು. ಸಣ್ಣ ಕೆಲಸ ಬಂದಾಗ ಹೊರಗಿನದನ್ನು ಮಾತ್ರ ತೆಗೆದರೆ ಸಾಕು, ಚರ್ಮ ಗಾಳಿಗೆ ಬೀಳುವುದಿಲ್ಲ. ಹೊರಗಿನದು ಐದು ಬೆರಳಿನದಾಗಿರುವುದಕ್ಕಿಂತ ಮಿಟನ್ ಆಗಿರುವುದು ಮೇಲು. ನಾಲ್ಕು ಬೆರಳುಗಳೂ ಒಂದೇ ಚೀಲದಲ್ಲಿ ಸೇರಿ, ಹೆಬ್ಬೆರಳಿಗೆ ಮಾತ್ರ ಬೇರೆ ಗೂಡಿರುವ ಗವಸಿಗೆ ಈ ಹೆಸರು. ಕೂಡಿ ಮಲಗಿದ ಮಕ್ಕಳಂತೆ ಬೆರಳುಗಳು ಒಂದರ ಶಾಖವನ್ನೊಂದು ಹಂಚಿಕೊಳ್ಳುತ್ತವೆ, ಗಾಳಿಗೊಡ್ಡಿದ ಮೈಯೂ ಕಡಿಮೆ. ಬೆರಳತುದಿ ತೆರೆದಿದ್ದು, ಮೇಲೆ ಮಡಚುವ ಮುಚ್ಚಳವಿರುವ ಮಿಟನ್‌ಗಳೂ ದೊರೆಯುತ್ತವೆ. ಜಪಮಾಲೆ ಎಣಿಸುವವರಿಗೆ ಇವು ಬಲು ಅನುಕೂಲ. ಮೊಬೈಲಿನ ಪರದೆ ಬರಿಯ ಉಣ್ಣೆಯ ಸ್ಪರ್ಶಕ್ಕೆ ಓಗೊಡುವುದಿಲ್ಲ. ವಿದ್ಯುತ್ತು ಹರಿಯುವ ದಾರವನ್ನು ಬೆರಳತುದಿಯಲ್ಲಿ ಹೆಣೆದ ಒಳಗವಸನ್ನು ಕೇಳಿ ಪಡೆಯಬೇಕು.

ಹತ್ತಿಯ ಗವಸು ಮಾತ್ರ ಬೇಡ. ಬೆವರಿಗೋ ತುಂತುರಿಗೋ ಅದು ತೊಯ್ದರೆ ಒಣಗುವುದಿಲ್ಲ, ನೀರು ಗಾಳಿಗಿಂತ ಸುಮಾರು ಇಪ್ಪತ್ತೈದು ಪಟ್ಟು ವೇಗವಾಗಿ ಶಾಖವನ್ನು ಸಾಗಿಸುತ್ತದೆ. ಉಣ್ಣೆಯ ಗುಣವನ್ನು ನಮ್ಮವರಿಗೆ ಹೇಳಿಕೊಡಬೇಕಾದುದಿಲ್ಲ. ಜಡಿಮಳೆಯಲ್ಲಿ ಕಂಬಳಿ ಕೊಪ್ಪೆ ಹೊದ್ದು ಹೊಲದಲ್ಲಿ ನಿಂತ ರೈತನಿಗೆ, ಕಂಬಳಿಯ ಮೇಲ್ಮೈ ಒದ್ದೆಯಾದರೂ ಒಳಗೆ ಬೆಚ್ಚಗಿರುವುದು ಗೊತ್ತು. ಚಳಿಗಾಲದಲ್ಲಿ ನಮ್ಮ ನಗರಗಳಿಗೆ ಬಂದು ಸಾಲಾಗಿ ಅಂಗಡಿ ಹೂಡುವ ಟಿಬೆಟಿಯನ್ ವ್ಯಾಪಾರಿಗಳಲ್ಲಿ ಉಣ್ಣೆಯ ಗವಸು ಸಿಗುತ್ತದೆ. ಯಾತ್ರೆ ಮೇ ತಿಂಗಳಿಗಾದರೆ ಡಿಸೆಂಬರಿನಲ್ಲಿಯೇ ಕೊಂಡಿಡುವುದು ಜಾಣತನ.

ಕೊಳ್ಳುವಾಗ ಅಂಗಡಿಯಲ್ಲಿಯೇ ಪರೀಕ್ಷಿಸುವುದಕ್ಕೆ ಸಂಕೋಚ ಬೇಡ. ಗವಸು ತೊಟ್ಟು ಮುಷ್ಟಿ ಬಿಗಿಯಿರಿ. ಎಲ್ಲಿಯಾದರೂ ಎಳೆದು ಒತ್ತಿದರೆ ಅದು ಬಿಗಿ. ಬಿಗಿಯಾದ ಗವಸು ರಕ್ತದ ಹರಿವನ್ನೇ ತಡೆದು ಕೈಯನ್ನು ಇನ್ನಷ್ಟು ತಣ್ಣಗಾಗಿಸುತ್ತದೆ. ಒಳಗವಸು ತೊಟ್ಟು ಗಲ್ಲಾಪೆಟ್ಟಿಗೆಯ ಮೇಲಿನ ಒಂದು ರೂಪಾಯಿ ನಾಣ್ಯವನ್ನು ಎತ್ತಿ ನೋಡಿ, ಜಿಪ್ ಎಳೆದು ನೋಡಿ. ಕುದುರೆಯ ಮೇಲೆ ಹೋಗುವವರು ಹೊರಗವಸಿನ ಅಂಗೈ ಭಾಗ ಜಾರದ ಚರ್ಮದ್ದಾಗಿದೆಯೇ ಎಂದು ಗಮನಿಸಬೇಕು. ನಡೆಯುವವನ ಮೈ ನಡಿಗೆಯಿಂದಲೇ ಕಾಯುತ್ತದೆ; ಸುಮ್ಮನೆ ಕುಳಿತು ತಡಿಯ ಕಬ್ಬಿಣದ ಹಿಡಿಯನ್ನು ಗಂಟೆಗಟ್ಟಲೆ ಹಿಡಿದವರ ಕೈ ಬೇಗ ತಣ್ಣಗಾಗುತ್ತದೆ.

ಮನೆಯಲ್ಲಿಯೇ ಸಿದ್ಧಪಡಿಸಬಹುದಾದ ಒಂದು ಸಾಧನವನ್ನು ನಮ್ಮ ಸೋದರಿಯರಿಗೆ ವಿಶೇಷವಾಗಿ ಸೂಚಿಸುತ್ತೇವೆ. ಬೆರಳನ್ನು ಮಡಿಸುವ ಸ್ನಾಯುಗಳಲ್ಲಿ ಹೆಚ್ಚಿನವು ಇರುವುದು ಬೆರಳಿನಲ್ಲಲ್ಲ, ಮುಂಗೈಯಲ್ಲಿ. ಬೆರಳಿಗೆ ಹೋಗುವ ರಕ್ತವೂ ಮಣಿಕಟ್ಟನ್ನು ದಾಟಿಯೇ ಹೋಗಬೇಕು, ಅಲ್ಲಿ ರಕ್ತನಾಳಗಳು ಚರ್ಮಕ್ಕೆ ಹತ್ತಿರವಾಗಿವೆ. ಸ್ವೆಟರಿನ ತೋಳಿಗೂ ಗವಸಿಗೂ ನಡುವೆ ಉಳಿಯುವ ಎರಡು ಬೆರಳಗಲದ ಬರಿಮೈಯೇ ಶಾಖ ಸೋರುವ ಕಿಂಡಿ. ಹಳೆಯ ಉಣ್ಣೆಯ ಕಾಲುಚೀಲದ ಪಾದದ ಭಾಗವನ್ನು ಕತ್ತರಿಸಿ, ಅಂಚು ಮಡಚಿ ಹೊಲಿದು, ಹೆಬ್ಬೆರಳಿಗೊಂದು ರಂಧ್ರವಿಟ್ಟರೆ ಅಂಗೈಯಿಂದ ಮುಂಗೈಯ ನಡುಭಾಗದವರೆಗೆ ಮುಚ್ಚುವ ಪಟ್ಟಿಯಾಗುತ್ತದೆ. ಹೆಣಿಗೆ ಬಲ್ಲವರು ಹೊಸದನ್ನೇ ಹೆಣೆಯಬಹುದು. ಹೊರಗವಸು ಎರಡನ್ನೂ ಒಂದು ಉದ್ದನೆಯ ಲಾಡಿಗೆ ಹೊಲಿದು ಕೋಟಿನ ತೋಳುಗಳೊಳಗಿಂದ ಹಾಯಿಸುವುದನ್ನು ಮರೆಯಬಾರದು. ಮಕ್ಕಳಿಗಷ್ಟೇ ಅದು ಎಂದು ಕೆಲವರು ನಗುತ್ತಾರೆ. ಕಣಿವೆಗೆ ಹಾರಿಹೋದ ಗವಸನ್ನು ತರಲು ಯಾರೂ ಇಳಿಯುವುದಿಲ್ಲ.

ಪೂಜೆಗೆ ಮುನ್ನ ಕೈಗಳನ್ನು ಕಂಕುಳಲ್ಲಿ ಐದಾರು ನಿಮಿಷ ಇರಿಸಿಕೊಂಡರೆ ಬೆರಳುಗಳು ಮತ್ತೆ ಆಡತೊಡಗುತ್ತವೆ. ಕರಡಿಗೆಯನ್ನು ಉಡುಪಿನ ಒಳಪದರದಲ್ಲಿ, ಎದೆಯ ಶಾಖಕ್ಕೆ ತಾಗುವಂತೆ ಧರಿಸಿದರೆ ಬೆಳ್ಳಿಯೂ ತಣ್ಣಗೆ ಕೊರೆಯುವುದಿಲ್ಲ.

ಮಧುಮೇಹವಿದ್ದವರ ವಿಷಯ ಬೇರೆ. ಅವರಲ್ಲಿ ಅನೇಕರಿಗೆ ಬೆರಳುಗಳ ಸ್ಪರ್ಶ ಮೊದಲೇ ಮಂದವಾಗಿರುತ್ತದೆ, ಚಳಿಯೂ ತಿಳಿಯದು, ಸುಡುವುದೂ ತಿಳಿಯದು. ಕಬ್ಬಿಣದ ಪುಡಿ ತುಂಬಿದ ಶಾಖದ ಪೊಟ್ಟಣಗಳನ್ನು ಅವರು ಬರಿಯ ಚರ್ಮಕ್ಕೆ ಒತ್ತಿಕೊಳ್ಳಬಾರದು. ಒಳಗವಸಿನ ಮೇಲೆಯೇ ಇರಿಸಿಕೊಳ್ಳಬೇಕು. ಚಳಿ ತಾಗಿದೊಡನೆ ಬೆರಳು ಸುಣ್ಣದಂತೆ ಬೆಳ್ಳಗಾಗಿ, ಬಳಿಕ ನೀಲಿಯಾಗುವ ತೊಂದರೆ ಕೆಲವರಿಗಿರುತ್ತದೆ. ಫ್ರೆಂಚ್ ವೈದ್ಯ ರೇನೋ 1862ರಲ್ಲಿ ಇದನ್ನು ವಿವರಿಸಿದನು. ಅಂಥವರು ಹೊರಡುವ ಮುನ್ನ ವೈದ್ಯರನ್ನು ಕಾಣತಕ್ಕದ್ದು. ದಾರಿಯಲ್ಲಿ ಯಾರ ಬೆರಳಾದರೂ ಮೇಣದಂತೆ ಬಿಳಚಿ ಗಟ್ಟಿಯಾದರೆ ಉಜ್ಜಬಾರದು, ಹಿಮದಿಂದ ತಿಕ್ಕಬಾರದು, ಬೆಂಕಿಗೆ ಹಿಡಿಯಲೂಬಾರದು. ಮತ್ತೆ ಚಳಿಗೆ ಒಡ್ಡಬೇಕಾಗದ ಜಾಗವನ್ನು ಸೇರಿಸಿ, ಮೊಣಕೈಯದ್ದಿದರೆ ಹಿತವೆನಿಸುವಷ್ಟು, ಅಂದರೆ 37ರಿಂದ 39 ಡಿಗ್ರಿಯ ನೀರಿನಲ್ಲಿ ಬೆರಳು ಕೆಂಪೇರುವವರೆಗೆ ಇರಿಸಿ, ತಡಮಾಡದೆ ವೈದ್ಯರಿಗೆ ತೋರಿಸಬೇಕು. ಹಾಗೆ ಕಾಯುವಾಗ ಬೆರಳು ವಿಪರೀತ ನೋಯುತ್ತದೆ. ನೋವು ಬಂತೆಂದು ಕೈಯನ್ನು ನೀರಿನಿಂದ ತೆಗೆಯಗೊಡಬಾರದು.