ಬಯಲಿನ ರಾಣಿ

ಗ್ರೀಸ್ ದೇಶದ ಮಧ್ಯಭಾಗದಲ್ಲಿ, ಒಲಿಂಪಸ್ ಪರ್ವತದ ದಕ್ಷಿಣಕ್ಕೆ, ಥೆಸಲಿ ಎಂಬ ವಿಶಾಲವಾದ ಬಯಲುನಾಡು ಹರಡಿಕೊಂಡಿದೆ. ಬೆಟ್ಟಗುಡ್ಡಗಳೇ ಹೆಚ್ಚಾಗಿರುವ ಆ ದೇಶದಲ್ಲಿ ಇಷ್ಟು ಸಮತಟ್ಟಾದ, ಫಲವತ್ತಾದ ನೆಲ ಅಪರೂಪ. ಗೋಧಿ, ಹತ್ತಿ ಇಲ್ಲಿನ ಮುಖ್ಯ ಬೆಳೆಗಳು. ಪ್ರಾಚೀನ ಕಾಲದಲ್ಲಿ ಈ ನಾಡು ಕುದುರೆಗಳಿಗೆ ಹೆಸರಾಗಿತ್ತು. ಅಲೆಕ್ಸಾಂಡರನ ಪ್ರಸಿದ್ಧ ಕುದುರೆ ಬ್ಯುಸಿಫೆಲಸ್ ಕೂಡ ಥೆಸಲಿಯದೇ ಎಂದು ಹೇಳುತ್ತಾರೆ. ಪಿನಿಯೋಸ್ ನದಿಯ ದಡದಲ್ಲಿರುವ ಲಾರಿಸಾ ಈ ಬಯಲಿನ ಮುಖ್ಯ ಪಟ್ಟಣ. ಅಲ್ಲಿನ ಫುಟ್‌ಬಾಲ್ ಸಂಘದ ಲಾಂಛನವೂ ಕುದುರೆಯೇ. ಅಭಿಮಾನಿಗಳು ತಮ್ಮ ಸಂಘವನ್ನು 'ಬಯಲಿನ ರಾಣಿ' ಎಂದು ಕರೆಯುತ್ತಾರೆ.

ಫುಟ್‌ಬಾಲ್ ಗ್ರೀಕರ ಅಚ್ಚುಮೆಚ್ಚಿನ ಆಟ. ಆದರೆ ಅಲ್ಲಿನ ಫುಟ್‌ಬಾಲಿನ ಹಿರಿಮೆಯೆಲ್ಲ ಬಹುಕಾಲ ಎರಡೇ ಮಹಾನಗರಗಳ ಸೊತ್ತಾಗಿತ್ತು. ಒಂದು, ರಾಜಧಾನಿ ಅಥೆನ್ಸ್ ಮತ್ತು ಅದಕ್ಕೆ ಹೊಂದಿಕೊಂಡ ಪಿರೇಯಸ್ ಬಂದರು. ಇನ್ನೊಂದು, ಉತ್ತರದ ಥೆಸಲೋನಿಕಿ. ಹಣ, ಪತ್ರಿಕೆಗಳು, ದೊಡ್ಡ ಕ್ರೀಡಾಂಗಣಗಳು ಎಲ್ಲವೂ ಅಲ್ಲಿಯೇ. ಸಣ್ಣ ಪಟ್ಟಣದಲ್ಲಿ ಒಳ್ಳೆಯ ಆಟಗಾರನೊಬ್ಬ ತಲೆಯೆತ್ತಿದನೆಂದರೆ ಬೇಗನೆ ಅವನು ಮಹಾನಗರದ ಪಾಲಾಗುತ್ತಿದ್ದನು. ಹೀಗಿರುವಾಗ ರೈತರ ಪಟ್ಟಣವೊಂದು ದೇಶದ ಪ್ರಶಸ್ತಿಗೆ ಕೈಚಾಚುವುದೆಂದರೆ ಸಾಮಾನ್ಯ ಮಾತಲ್ಲ.

ಲಾರಿಸಾದಲ್ಲಿ ಮೊದಲು ಇರಾಕ್ಲಿಸ್, ಆರಿಸ್, ತೊಕ್ಸೋಟಿಸ್, ಲಾರಿಸೈಕೋಸ್ ಎಂಬ ನಾಲ್ಕು ಸಣ್ಣ ಸಂಘಗಳಿದ್ದವು. ಊರಿನ ಬಲವೆಲ್ಲ ಹೀಗೆ ನಾಲ್ಕಾಗಿ ಹಂಚಿಹೋಗಿತ್ತು. 1964ರಲ್ಲಿ ನಾಲ್ಕೂ ಕೂಡಿ ಒಂದೇ ಸಂಘವಾದವು. ತಮ್ಮ ಬಣ್ಣ, ತಮ್ಮ ಹೆಸರುಗಳನ್ನು ಬಿಟ್ಟುಕೊಡುವುದು ಯಾವ ಸಂಘಕ್ಕೂ ಸುಲಭವಲ್ಲ. ಆದರೂ ಕೂಡಿದ್ದರಿಂದಲೇ ಮುಂದಿನದು ಸಾಧ್ಯವಾಯಿತು. ಹೊಸ ಸಂಘ 1973ರಲ್ಲಿ ಪ್ರಥಮ ದರ್ಜೆಗೇರಿತು. ಒಮ್ಮೆ ಕೆಳಗಿಳಿದು ಮತ್ತೆ ಮೇಲೆ ಬಂದಿತು. 1983ರಲ್ಲಿ ದೇಶದ ಪಂದ್ಯಾವಳಿಯಲ್ಲಿ ಎರಡನೆಯ ಸ್ಥಾನ ಗಳಿಸಿತು. ಗ್ರೀಕ್ ಕಪ್ಪಿನ ಅಂತಿಮ ಪಂದ್ಯದಲ್ಲಿ 1982ರಲ್ಲಿಯೂ 1984ರಲ್ಲಿಯೂ ಅಥೆನ್ಸಿನ ಪನಥಿನೈಕೋಸ್ ತಂಡಕ್ಕೆ ಸೋತರೂ ಎದೆಗುಂದದೆ, 1985ರಲ್ಲಿ ಥೆಸಲೋನಿಕಿಯ ಪಾವೋಕ್ ತಂಡವನ್ನು 4–1ರಿಂದ ಸೋಲಿಸಿ ಕಪ್ಪನ್ನು ತನ್ನದಾಗಿಸಿಕೊಂಡಿತು. ಪಾವೋಕ್ ಆ ವರ್ಷ ದೇಶದ ಚಾಂಪಿಯನ್ ತಂಡವಾಗಿತ್ತೆಂಬುದು ಗಮನಾರ್ಹ.

ಸಂಘದ ಇತಿಹಾಸದಲ್ಲಿ ಎಲ್ಲಕ್ಕಿಂತ ಮಿಗಿಲಾದುದು 1987–88ರ ಋತು. ಪೋಲೆಂಡಿನ ಯಾಸೆಕ್ ಗ್ಮೋಖ್ ಆಗ ತಂಡದ ತರಬೇತುದಾರ; 1978ರ ವಿಶ್ವಕಪ್ಪಿನಲ್ಲಿ ತನ್ನ ದೇಶದ ತಂಡವನ್ನು ನಡೆಸಿದ್ದ ಅನುಭವಿ. ತಂಡದಲ್ಲಿ ಥೆಸಲಿಯ ನೆಲದಲ್ಲಿಯೇ ಬೆಳೆದ ತರುಣರು ಹಲವರಿದ್ದರು. ತಂಡ ಅಂಕಪಟ್ಟಿಯ ತುದಿಯಲ್ಲಿ ನಿಂತು ಮುನ್ನಡೆಯುತ್ತಿದ್ದಾಗ ಸಿಡಿಲಿನಂತಹ ಸುದ್ದಿಯೊಂದು ಎರಗಿತು. ಬಲ್ಗೇರಿಯದಿಂದ ಬಂದು ಆಡುತ್ತಿದ್ದ ಗೆಯೊರ್ಗಿ ಸಿಂಗೊವ್ ಎಂಬ ಆಟಗಾರನ ಪರೀಕ್ಷೆಯಲ್ಲಿ ಕೊಡೀನ್ ಎಂಬ ನಿಷಿದ್ಧ ವಸ್ತು ಪತ್ತೆಯಾಗಿತ್ತು. ಕೊಡೀನ್ ನೋವಿನ ಮತ್ತು ಕೆಮ್ಮಿನ ಔಷಧಿಗಳಲ್ಲಿಯೂ ಇರುವಂಥದು. ಆದರೆ ಆಗಿನ ನಿಯಮ ಆಟಗಾರನನ್ನು ಮಾತ್ರವಲ್ಲದೆ ಅವನ ತಂಡವನ್ನೂ ದಂಡಿಸುತ್ತಿತ್ತು. ಅದರಂತೆ ಲಾರಿಸಾದ ನಾಲ್ಕು ಅಂಕಗಳನ್ನು ಕಳೆಯಲಾಯಿತು. ಗೆಲುವಿಗೆ ಎರಡೇ ಅಂಕ ದೊರೆಯುತ್ತಿದ್ದ ಆ ಕಾಲದಲ್ಲಿ ಇದು ಎರಡು ಗೆಲುವುಗಳನ್ನು ಕಿತ್ತುಕೊಂಡಂತೆಯೇ ಸರಿ.

ಊರು ರೊಚ್ಚಿಗೆದ್ದಿತು. ಗ್ರೀಸಿನ ಭೂಪಟವನ್ನು ನೋಡಿದರೆ ಮುಂದಿನ ಸಂಗತಿ ಚೆನ್ನಾಗಿ ತಿಳಿಯುತ್ತದೆ. ಅಥೆನ್ಸಿನಿಂದ ಥೆಸಲೋನಿಕಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ ಲಾರಿಸಾದ ಪಕ್ಕದಲ್ಲಿಯೇ ಸಾಗುತ್ತದೆ. 1988ರ ಮಾರ್ಚಿ ತಿಂಗಳಲ್ಲಿ ಸಾವಿರಾರು ಜನ ಆ ಹೆದ್ದಾರಿಗೆ ಇಳಿದು ದಿನಗಟ್ಟಲೆ ಸಂಚಾರವನ್ನು ತಡೆದರು. ದೇಶದ ಉತ್ತರ ದಕ್ಷಿಣಗಳ ನಡುವಿನ ಮುಖ್ಯ ದಾರಿಯೇ ಕಡಿದುಹೋಯಿತು. ಕೊನೆಗೆ ನಿಯಮ ಬದಲಾಯಿತು. ತಪ್ಪಿಗೆ ಆಟಗಾರ ಮಾತ್ರ ಹೊಣೆಯೆಂದಾಯಿತು. ಕಳೆದುಹೋಗಿದ್ದ ಅಂಕಗಳು ಲಾರಿಸಾಕ್ಕೆ ಮರಳಿ ಬಂದವು.

ಇದು ನ್ಯಾಯವೇ? ಒಬ್ಬನ ದೇಹದಲ್ಲಿ ಕಂಡ ಔಷಧಿಗಾಗಿ ಇಡೀ ತಂಡದ ವರ್ಷದ ದುಡಿಮೆಯನ್ನು ಕಳೆಯುವ ನಿಯಮ ಒರಟಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆಟ ನಡೆಯುತ್ತಿರುವಾಗಲೇ ಅದರ ನಿಯಮವನ್ನು ಬದಲಿಸುವುದು ಎದುರಾಳಿಗಳಿಗೆ ಹಿತವೆನಿಸದಿದ್ದರೆ ಅವರನ್ನು ದೂರುವಂತಿಲ್ಲ. ಇನ್ನೊಂದು ಮಾತೂ ಉಂಟು. ಲಾರಿಸಾ ಹೆದ್ದಾರಿಯ ಮೇಲಿರದೆ ಎಲ್ಲೋ ಬೆಟ್ಟದ ಸಂದಿಯಲ್ಲಿದ್ದ ಊರಾಗಿದ್ದರೆ ಅದರ ಕೂಗು ರಾಜಧಾನಿಗೆ ಅಷ್ಟು ಬೇಗ ಕೇಳಿಸುತ್ತಿತ್ತೆ?

ಅಂಕಗಳೇನೋ ಮರಳಿದವು, ಪ್ರಶಸ್ತಿಯನ್ನು ಮಾತ್ರ ಮೈದಾನದಲ್ಲಿಯೇ ಗೆಲ್ಲಬೇಕಾಗಿತ್ತು. 1988ರ ಮೇ 1ರಂದು ನದಿಯ ಸಮೀಪದ ಅಲ್ಕಜಾರ್ ಕ್ರೀಡಾಂಗಣ ಜನರಿಂದ ಕಿಕ್ಕಿರಿದಿತ್ತು. ಎದುರಾಳಿ ಥೆಸಲೋನಿಕಿಯ ಇರಾಕ್ಲಿಸ್. ಹೊತ್ತು ಕಳೆದಂತೆ ಜನರ ಎದೆಬಡಿತ ಹೆಚ್ಚಿತು. ಗೋಲು ಮಾತ್ರ ಬರಲಿಲ್ಲ. ಪಂದ್ಯ ಮುಗಿಯಲು ಕೆಲವೇ ನಿಮಿಷಗಳು ಉಳಿದಿರುವಾಗ ರಕ್ಷಣಾ ಪಂಕ್ತಿಯ ಯೊರ್ಗೊಸ್ ಮಿತ್ಸಿಬೋನಾಸ್ ಗೋಲು ಹೊಡೆದನು. ಲಾರಿಸಾ 1–0ರಿಂದ ಗೆದ್ದು ಗ್ರೀಸಿನ ಚಾಂಪಿಯನ್ ಆಯಿತು. ಆ ಎರಡು ಮಹಾನಗರಗಳ ಆಚೆಯ ಊರೊಂದು ಈ ಪ್ರಶಸ್ತಿ ಪಡೆದದ್ದು ಅದೇ ಮೊದಲು; ಅನಂತರ ಬೇರಾವ ಊರಿಗೂ ಅದು ಸಾಧ್ಯವಾಗಿಲ್ಲ. ಗೋಲು ಹೊಡೆದ ಮಿತ್ಸಿಬೋನಾಸ್ 1997ರಲ್ಲಿ ರಸ್ತೆ ಅಪಘಾತದಲ್ಲಿ ಅಕಾಲ ಮರಣಕ್ಕೀಡಾದನು.

ಮರು ಋತುವಿನಲ್ಲಿ ಲಾರಿಸಾ ಯೂರೋಪಿನ ಚಾಂಪಿಯನ್ ತಂಡಗಳ ಕಪ್ಪಿಗಾಗಿ ಆಡಿತು. ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್ ಕ್ಸಮಾಕ್ಸ್ ತಂಡದೊಡನೆ ಎರಡು ಪಂದ್ಯಗಳಲ್ಲಿ ಸರಿಸಮನಾಗಿ ನಿಂತು, ಪೆನಾಲ್ಟಿ ಒದೆತಗಳಲ್ಲಿ ಸೋತಿತು. ಮುಂದೆ ಇಳಿಗಾಲ ಬಂದಿತು. 1996ರಲ್ಲಿ ಪ್ರಥಮ ದರ್ಜೆಯಿಂದ ಕೆಳಗಿಳಿದ ಸಂಘ ಹಣದ ಮುಗ್ಗಟ್ಟಿನಿಂದ ಮೂರನೆಯ ದರ್ಜೆಯವರೆಗೂ ಜಾರಿತು. ಆದರೆ 2005ರಲ್ಲಿ ಮೇಲೆ ಬಂದು, 2007ರಲ್ಲಿ ಹಳೆಯ ಎದುರಾಳಿ ಪನಥಿನೈಕೋಸನ್ನು 2–1ರಿಂದ ಮಣಿಸಿ ಎರಡನೆಯ ಬಾರಿ ಗ್ರೀಕ್ ಕಪ್ಪನ್ನು ಎತ್ತಿಹಿಡಿಯಿತು. ಅದೇ ವರ್ಷ ಯೂರೋಪಿನ ಪಂದ್ಯಾವಳಿಯಲ್ಲಿ ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್ ರೋವರ್ಸ್ ತಂಡವನ್ನು ಹೊರಗಟ್ಟಿತು. 2010ರಲ್ಲಿ ಸುಮಾರು 16,000 ಜನ ಕೂಡಬಲ್ಲ ಹೊಸ ಕ್ರೀಡಾಂಗಣ ಸಿದ್ಧವಾಯಿತು. ಮರುವರ್ಷವೇ ತಂಡ ಮತ್ತೆ ಕೆಳಗಿಳಿಯಿತು. ಅಂದಿನಿಂದ ಏಳುಬೀಳುಗಳು ಹಲವು. 2021ರಲ್ಲಿ ಇನ್ನೊಮ್ಮೆ ಪ್ರಥಮ ದರ್ಜೆಯನ್ನು ಕಳೆದುಕೊಂಡು, ನಾಲ್ಕು ವರ್ಷಗಳ ತರುವಾಯ, 2025ರಲ್ಲಿ ಅದು ತನ್ನ ಸ್ಥಾನವನ್ನು ಮರಳಿ ಗಳಿಸಿತು.