ಟ್ರಾಕ್ಟರಿನ ಹಿಂಬದಿಯ ಹಲಗೆಯಿಂದ ಗರಸುರಸ್ತೆಯ ದುರಸ್ತಿ

ಮಳೆಗಾಲವು ಕಳೆದ ಬಳಿಕ ಗ್ರಾಮದ ಗರಸುರಸ್ತೆಯಲ್ಲಿ ಕುಣಿಗಳು ಬಿದ್ದು, ಫಸಲನ್ನು ಮಾರುಕಟ್ಟೆಗೆ ಸಾಗಿಸುವುದೂ ರೋಗಿಗಳನ್ನು ಆಸ್ಪತ್ರೆಗೆ ಒಯ್ಯುವುದೂ ಕಷ್ಟವಾಗುವುದು. ಆಗ ಗ್ರಾಮಸ್ಥರು ಹಣ ಕೂಡಿಸಿ, ಹೊಸ ಗರಸನ್ನು ತರಿಸಿ ಕುಣಿಗಳಿಗೆ ಸುರಿಯುವುದುಂಟು. ಮುಂದಿನ ಮಳೆಗೆ ಅದೂ ಚದರಿಹೋಗಿ, ಮರುವರ್ಷ ಪುನಃ ಅದೇ ವೆಚ್ಚವು ಒದಗುವುದು. ಆದರೆ ಹೀಗೆ ಚದರಿದ ಗರಸಿನಲ್ಲಿ ಬಹಳಷ್ಟು ರಸ್ತೆಯ ಎರಡು ಅಂಚುಗಳಲ್ಲಿ, ಹುಲ್ಲಿನ ಮರೆಯಲ್ಲಿಯೇ ಬಿದ್ದಿರುತ್ತದೆ. ಅದನ್ನು ಪುನಃ ನಡುವಿಗೆ ತರುವ ಕೆಲಸಕ್ಕೆ ಟ್ರಾಕ್ಟರಿನ ಹಿಂದೆ ಜೋಡಿಸುವ ಉಕ್ಕಿನ ಹಲಗೆಯು, ಅಂದರೆ ಬ್ಲೇಡು, ಬಹಳ ಅನುಕೂಲವಾದುದು.

ಕೆಡುವ ಕಾರಣ:— ರಸ್ತೆಯು ಕೆಡುವುದು ಮುಖ್ಯವಾಗಿ ನಿಂತ ನೀರಿನಿಂದ. ನಡುಭಾಗವು ಉಬ್ಬಿ, ಎರಡು ಪಕ್ಕಕ್ಕೂ ಇಳಿಜಾರಿದ್ದರೆ ಮಳೆಯ ನೀರು ಕೂಡಲೇ ಚರಂಡಿಗೆ ಹರಿಯುವುದು. 12 ಅಡಿ ಅಗಲದ ರಸ್ತೆಯ ನಡುವು ಅಂಚಿಗಿಂತ ಸುಮಾರು 3 ಅಂಗುಲ ಎತ್ತರವಾಗಿರತಕ್ಕದ್ದು. ಹಲವರು ರಸ್ತೆಯನ್ನು ಕಣದಂತೆ ಮಟ್ಟಸವಾಗಿ ಹೆರೆಯಿಸುವರು. ಇದು ದೊಡ್ಡ ತಪ್ಪು. ವರ್ಷವರ್ಷವೂ ಹೀಗೆ ಹೆರೆದರೆ ರಸ್ತೆಯು ಹೊಲಗಳಿಗಿಂತ ತಗ್ಗಾಗಿ, ಮಳೆಗಾಲದಲ್ಲಿ ಹಳ್ಳವೇ ಆಗುವುದು.

ಕಾಲ:— ಹೊಲವನ್ನು ಉಳುವಂತೆ ರಸ್ತೆಯನ್ನು ಹೆರೆಯುವುದಕ್ಕೂ ಹದ ಬೇಕು. ಮುಷ್ಟಿಯಲ್ಲಿ ಹಿಡಿದ ಮಣ್ಣು ಉಂಡೆಕಟ್ಟಿ, ಕೈಗೆ ಅಂಟದಿದ್ದರೆ ಅದೇ ಹದ. ಒಣಗಿದಾಗ ಹೆರೆದರೆ ಕಲ್ಲುಗಳನ್ನು ಬಂಧಿಸುವ ನುಣುಪು ಮಣ್ಣು ಧೂಳಾಗಿ ಹಾರಿಹೋಗಿ, ಬಿಡಿಗಲ್ಲುಗಳು ಮಾತ್ರ ಉಳಿಯುವುವು.

ಕ್ರಮ:— ಹಲಗೆಯನ್ನು ನೇರವಾಗಿ ಅಡ್ಡಲಿಡದೆ 30ರಿಂದ 45 ಡಿಗ್ರಿಗಳಷ್ಟು ಓರೆಯಾಗಿಡತಕ್ಕದ್ದು. ಎಡತುದಿಯು ಮುಂದಾಗಿ, ಸ್ವಲ್ಪ ತಗ್ಗಿರಬೇಕು. ರಸ್ತೆಯ ಎಡ ಅಂಚನ್ನು ಹಿಡಿದು ನಡೆದರೆ ಅಲ್ಲಿನ ಗರಸು ತಾನಾಗಿ ನಡುವಿಗೆ ಜಾರುವುದು. ಮರಳಿ ಬರುವಾಗ ಇನ್ನೊಂದು ಅಂಚೂ ಎಡಕ್ಕೇ ಬರುವುದರಿಂದ ಹಲಗೆಯನ್ನು ಬದಲಿಸಬೇಕಾಗಿಲ್ಲ. ನಡುವೆ ಕೂಡಿದ ಗರಸಿನ ದಿಂಡನ್ನು ಬಳಿಕ ಹಲಗೆಯನ್ನೆತ್ತಿ, ಉಬ್ಬು ಉಳಿಯುವಂತೆ ತೆಳುವಾಗಿ ಹರಡತಕ್ಕದ್ದು. ಅಂಚಿನಲ್ಲಿ ಮಣ್ಣಿನ ಏರಿಯನ್ನು ಬಿಡಕೂಡದು. ಅದು ನೀರನ್ನು ರಸ್ತೆಯಲ್ಲಿಯೇ ತಡೆಯುವುದು.

ಕುಣಿಗೆ ಸಡಿಲ ಮಣ್ಣನ್ನು ತುಂಬಿದ ಮಾತ್ರಕ್ಕೆ ಅದು ಗಟ್ಟಿಯಾದ ತಳದೊಡನೆ ಬೆಸೆಯದು. ಕುಣಿಯ ತಳದವರೆಗೂ ಸುತ್ತಲನ್ನು ಕೆತ್ತಿ ಬೆರಸಬೇಕು. ಆಳವಾಗಿದ್ದರೆ ಮೊದಲು ಕಲ್ಟಿವೇಟರಿನಿಂದ ಕೆದಕುವುದು ಲೇಸು. ವೇಗವು ಬಿರುಸಿನ ನಡಿಗೆಯನ್ನು ಮೀರಕೂಡದು. ಮೀರಿದರೆ ಹಲಗೆಯು ಕುಪ್ಪಳಿಸಿ, ರಸ್ತೆಯ ಮೇಲೆ ಅಲೆಯಂತಹ ಏರಿಳಿತಗಳನ್ನು ತಾನೇ ಮಾಡುವುದು. ಭಾರಕ್ಕೆಂದು ಹಲಗೆಯ ಮೇಲೆ ಆಳನ್ನು ಕೂರಿಸುವುದು ಪ್ರಾಣಾಪಾಯಕರವಾದುದು. ಮರಳಿನ ಚೀಲಗಳನ್ನು ಬಿಗಿದರೆ ಸಾಕು. ಮೋರಿಗಳ ಬಳಿ ಹಲಗೆಯನ್ನು ಎತ್ತತಕ್ಕದ್ದು.

ಅಮೆರಿಕದ ಮಿಸೌರಿ ಸಂಸ್ಥಾನದ ಡಿ. ವಾರ್ಡ್ ಕಿಂಗ್ ಎಂಬ ರೈತರು ಸುಮಾರು 100 ವರ್ಷಗಳಿಗೂ ಹಿಂದೆ, ಸೀಳಿದ ದಿಮ್ಮಿಯನ್ನು ಕುದುರೆಗಳಿಂದ ಓರೆಯಾಗಿ ಎಳೆಯಿಸಿ ಮಣ್ಣಿನ ರಸ್ತೆಗಳನ್ನು ಕಾಪಾಡುವ ಕ್ರಮವನ್ನು ಪ್ರಚಾರಪಡಿಸಿದರು. ಮಳೆ ಬಿದ್ದು ಹದವಾದಾಗಲೆಲ್ಲ ಹಗುರವಾಗಿ ಎಳೆಯುವುದೇ ಅದರ ಮರ್ಮ. ವರ್ಷಕ್ಕೊಮ್ಮೆ ಆಳವಾಗಿ ಹೆರೆಯುವುದಕ್ಕಿಂತ ಇದು ಮೇಲೆಂಬುದು ಹಲಗೆಗೂ ಸಲ್ಲುವ ಮಾತು.

ಚರಂಡಿ:— ಚರಂಡಿಯಿಲ್ಲದೆ ಮೇಲಿನ ಶ್ರಮವೆಲ್ಲವೂ ವ್ಯರ್ಥ. ಅನೇಕ ಗ್ರಾಮಗಳಲ್ಲಿ ರಸ್ತೆಯ ಪಕ್ಕದ ಜಮೀನುದಾರರು ಗೇಣಗೇಣವಾಗಿ ಬದುವನ್ನು ಮುಂದೊತ್ತಿ ಚರಂಡಿಯನ್ನು ಮುಚ್ಚಿರುವರು. ಗೇಣು ನೆಲದ ಲಾಭಕ್ಕಾಗಿ ಅವರ ಫಸಲಿನ ಗಾಡಿಯೇ ಕೆಸರಿನಲ್ಲಿ ಹೂಳುವುದು. ಆದಕಾರಣ ಗ್ರಾಮದ ಮುಖ್ಯಸ್ಥರು ಟ್ರಾಕ್ಟರನ್ನು ಕರೆಯಿಸುವ ಮೊದಲು ಜಮೀನುದಾರರನ್ನು ಕೂಡಿಸಿ, ಗ್ರಾಮ ಪಂಚಾಯಿತಿಯ ಒಪ್ಪಿಗೆಯಿಂದ ಚರಂಡಿಯನ್ನು ತೆರವು ಮಾಡಿಸತಕ್ಕದ್ದು. ನೀರಿಗೆ ದಾರಿಯನ್ನು ಕೊಟ್ಟ ಗ್ರಾಮಕ್ಕೆ ರಸ್ತೆಯು ಉಳಿಯುವುದು.