ಮಗನ ಆಟದ ಕಂಪ್ಯೂಟರಿಗೆ ಯಾವ ಪ್ರೊಸೆಸರ್?

2025ರ ದೀಪಾವಳಿ ಕಳೆದು ಕೆಲವು ದಿನಗಳಾಗಿದ್ದವು. ಮುದ್ದೆಗೆ ಎಸರಿಟ್ಟು ನಿಂತಿದ್ದೆ. ಡಿಪ್ಲೊಮಾ ಓದುವ ಮಗ ಅಡುಗೆಮನೆ ಬಾಗಿಲಿಗೆ ಬಂದು, "ಅಮ್ಮ, ಕಂಪ್ಯೂಟರ್ ಹಳೇದಾಯ್ತು. ರಿಪೇರಿಗಲ್ಲ, ಹೊಸ ಪ್ರೊಸೆಸರ್ ಹಾಕಿಸೋಕೆ. ಮೂವತ್ತೆಂಟು ಸಾವಿರ ಆಗುತ್ತಂತೆ" ಅಂದ. ಅಂಗಡಿಯವರು ಬರೆದುಕೊಟ್ಟ ಚೀಟಿಯನ್ನೂ ತೋರಿಸಿದ. ಪ್ರೊಸೆಸರ್ ಹೊಸದು, ಮದರ್‌ಬೋರ್ಡ್ ಹೊಸದು, ರ್‍ಯಾಮ್ ಹೊಸದು.

ಸೋದರಿಯರೇ, ಮೂವತ್ತೆಂಟು ಸಾವಿರಕ್ಕೆ ಎಷ್ಟು ಲೀಟರ್ ಹಾಲು ಡೇರಿಗೆ ಹಾಕಬೇಕು ಎಂಬ ಲೆಕ್ಕ ನಮ್ಮ ನಂದಗುಡಿಯಂಥ ಊರಿನಲ್ಲಿ ಹಸು ಕಟ್ಟಿದ ಹೆಂಗಸಿಗೆ ಬಾಯಿಪಾಠ. ನನ್ನ ಹತ್ತಿರ ದುಡ್ಡು ಇರಲಿಲ್ಲ ಅಂತಲ್ಲ, ಇತ್ತು. ಮಗಳ ಕಾಲೇಜು ಫೀಸಿಗೆಂದು ಹಾಲಿನ ದುಡ್ಡಿನಲ್ಲಿ ಚೀಟಿ ಕಟ್ಟಿ ಎತ್ತಿದ್ದ ಗಂಟು ಅದು. "ಆಟಕ್ಕೆ ದುಡ್ಡು ಸುರೀಬೇಕೇನು?" ಅಂತ ನಮ್ಮ ಯಜಮಾನರು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರು. ಮಗ ಎರಡು ದಿನ ಮಾತು ಬಿಟ್ಟ. ಮಧ್ಯೆ ಸಿಕ್ಕಿಕೊಂಡವಳು ನಾನು.

ಬರೀ ಆಟಕ್ಕೆ ಅಂತ ತಳ್ಳಿಹಾಕುವ ಹಾಗೂ ಇರಲಿಲ್ಲ ಬಿಡಿ. ಅದೇ ಕಂಪ್ಯೂಟರಿನಲ್ಲಿ ಮಗಳೂ ಓದುತ್ತಾಳೆ. ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ನಮ್ಮ ಹಳೆಯ ಪ್ರೊಸೆಸರ್, ಅಂದರೆ 2017ರಲ್ಲಿ ಬಂದ ರೈಜೆನ್ 5 1600, ಅದರ ಪಟ್ಟಿಯಲ್ಲೇ ಇಲ್ಲ. ಹಾಗಾಗಿ ಬೈಯುವ ಬದಲು ಅವನ ಪಕ್ಕ ಸ್ಟೂಲ್ ಹಾಕಿಕೊಂಡು ಕೂತೆ. "ಇದು ಏನು, ಯಾಕೆ ಬೇಕು, ನನಗೆ ಅರ್ಥವಾಗೋ ಹಾಗೆ ಹೇಳು. ಆಮೇಲೆ ದುಡ್ಡಿನ ಮಾತು" ಅಂದೆ.

ನನಗೆ ಅರ್ಥವಾದದ್ದು ಹೀಗೆ. ಪ್ರೊಸೆಸರ್ ಎಂದರೆ ಮದುವೆಮನೆಯ ಅಡುಗೆಯವರ ತಂಡ. ಕೋರ್ ಎಂದರೆ ಒಬ್ಬೊಬ್ಬ ಭಟ್ಟ. ಆರು ಕೋರ್ ಎಂದರೆ ಆರು ಜನ. ಗಿಗಾಹರ್ಟ್ಸ್ ಎಂದು ಬರೆದಿರುತ್ತದಲ್ಲ, ಅದು ಅವರ ಕೈಯ ವೇಗ. ರ್‍ಯಾಮ್ ಉಗ್ರಾಣ, ಹಾರ್ಡ್ ಡಿಸ್ಕ್ ದೂರದ ಸಂತೆ. ಇನ್ನು ಕ್ಯಾಶ್ ಎಂಬುದೊಂದಿದೆ, ಅದು ಒಲೆಯ ಪಕ್ಕದ ಒಗ್ಗರಣೆ ಡಬ್ಬಿ. ಸಾಸಿವೆಗೆಂದು ಪ್ರತಿ ಸಲ ಉಗ್ರಾಣಕ್ಕೆ ಓಡಿದರೆ ಎಣ್ಣೆ ಸೀದುಹೋಗುತ್ತೆ ತಾನೇ? ಆಟಗಳಲ್ಲಿ ಈ ಡಬ್ಬಿ ದೊಡ್ಡದಿದ್ದಷ್ಟೂ ಒಳ್ಳೆಯದು. ಗ್ರಾಫಿಕ್ಸ್ ಕಾರ್ಡ್ ಬಡಿಸುವವರ ತಂಡ. ಅಡುಗೆ ತಡವಾದರೆ ಬಡಿಸುವವರು ಕೈಕಟ್ಟಿ ನಿಲ್ಲುತ್ತಾರೆ. ಬಡಿಸುವವರೇ ಕಮ್ಮಿಯಾದರೆ ಮಾಡಿದ ಅಡುಗೆ ಪಾತ್ರೆಯಲ್ಲೇ ಆರಿಹೋಗುತ್ತದೆ.

ಇಷ್ಟು ತಿಳಿದರೆ ಮಗನನ್ನು ಕೇಳಬೇಕಾದ ಮೊದಲ ಪ್ರಶ್ನೆ ನಿಮಗೇ ಹೊಳೆಯುತ್ತದೆ: ತಡವಾಗುತ್ತಿರುವುದು ಅಡುಗೆಯೋ, ಬಡಿಸುವುದೋ? ಇದನ್ನು ಮನೆಯಲ್ಲೇ ಕೂತು ನೋಡಬಹುದು, ಖರ್ಚಿಲ್ಲ. ಆಟದಲ್ಲಿ ಫ್ರೇಮ್‌ಗೆ ಮಿತಿ ಹಾಕಿದ್ದರೆ ತೆಗೆಸಿ, ಆಟ ನಡೆಯುತ್ತಿರುವಾಗಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರ ಪರ್ಫಾರ್ಮೆನ್ಸ್ ಪುಟದಲ್ಲಿ ಜಿಪಿಯು ಎಂಬಲ್ಲಿ ನೂರಕ್ಕೆ ತೊಂಬತ್ತೈದರ ಮೇಲೆ ತೋರಿಸುತ್ತಿದ್ದರೆ ಗ್ರಾಫಿಕ್ಸ್ ಕಾರ್ಡೇ ಸುಸ್ತಾಗಿದೆ ಎಂದು ಅರ್ಥ. ಆಗ ಎಂಥಾ ಪ್ರೊಸೆಸರ್ ತಂದರೂ ಹೆಚ್ಚು ಪ್ರಯೋಜನವಿಲ್ಲ. ಜಿಪಿಯು ಐವತ್ತು ಅರವತ್ತರಲ್ಲಿ ಆರಾಮವಾಗಿದ್ದು ಆಟ ಮಾತ್ರ ತಡವರಿಸುತ್ತಿದ್ದರೆ, ತಪ್ಪು ಬಹುಪಾಲು ಅಡುಗೆಮನೆಯದ್ದೇ. ಪಕ್ಕದಲ್ಲಿ ಸಿಪಿಯು ನೂರು ತೋರಿಸುತ್ತಿಲ್ಲವಲ್ಲ ಅಂತ ಮೋಸಹೋಗಬೇಡಿ. ಒಬ್ಬಿಬ್ಬರು ಭಟ್ಟರು ಬೆವರು ಸುರಿಸುತ್ತಾ ಉಳಿದವರು ಎಲೆಯಡಿಕೆ ಹಾಕುತ್ತಾ ಕೂತಿದ್ದರೂ ಒಟ್ಟು ಲೆಕ್ಕ ಕಮ್ಮಿಯೇ ಬರುತ್ತದೆ.

ನಮ್ಮಲ್ಲಿ ವ್ಯಾಲೊರಂಟ್ ಆಡುವಾಗ ಜಿಪಿಯು ಅರವತ್ತು ದಾಟಲಿಲ್ಲ. ಹುಡುಗ ಹೇಳಿದ್ದು ಸುಳ್ಳಲ್ಲ. ಆದರೂ ಅವತ್ತೇ ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿಸಿದೆ. ಅಯ್ಯೋ, ಒಳಗಿದ್ದ ಕೆಂಪು ಧೂಳು ನೋಡಬೇಕಿತ್ತು! ಫ್ಯಾನಿನ ರೆಕ್ಕೆಗೆಲ್ಲ ಮೆತ್ತಿಕೊಂಡಿತ್ತು. ಪ್ರೊಸೆಸರ್ ಬಿಸಿಯೇರಿದರೆ ತಾನಾಗಿ ವೇಗ ಕಡಿಮೆ ಮಾಡಿಕೊಳ್ಳುತ್ತದೆ. ಕರೆಂಟ್ ತಂತಿ ಕಿತ್ತು, ಒಣ ಬ್ರಷ್‌ನಲ್ಲಿ ಧೂಳು ತೆಗೆದ ಮೇಲೆ ಸ್ವಲ್ಪ ಸುಧಾರಿಸಿತು. ಪೂರ್ತಿ ಅಲ್ಲ.

ಇನ್ನು ಯಾವುದನ್ನು ಕೊಳ್ಳುವುದು? ಅಂಗಡಿಯವರ ಚೀಟಿ ತಪ್ಪಿದ್ದು ಇಲ್ಲೇ ಎಂಬುದು ನನ್ನ ಅಭಿಪ್ರಾಯ. ಅವರು ಪ್ರೊಸೆಸರಿನಿಂದ ಶುರುಮಾಡಿದ್ದರು. ಶುರುಮಾಡಬೇಕಾದದ್ದು ಮನೆಯಲ್ಲಿರುವ ಮದರ್‌ಬೋರ್ಡಿನಿಂದ. ರವಿಕೆ ಬಟ್ಟೆ ಕೊಳ್ಳುವ ಮುಂಚೆ ಸೀರೆ ಎತ್ತಿಕೊಂಡು ಹೋಗುವುದಿಲ್ಲವೇ, ಹಾಗೆ. ಸ್ಟಾರ್ಟ್ ಬಟನ್ ಒತ್ತಿ ‘ಸಿಸ್ಟಮ್ ಇನ್ಫರ್ಮೇಶನ್’ ಎಂದು ಟೈಪ್ ಮಾಡಿದರೆ ಬರುವ ಪಟ್ಟಿಯಲ್ಲಿ ‘ಬೇಸ್‌ಬೋರ್ಡ್ ಪ್ರಾಡಕ್ಟ್’ ಎಂಬಲ್ಲಿ ಅದರ ಹೆಸರಿರುತ್ತದೆ. ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ನಮ್ಮದು 2019ರಲ್ಲಿ ಕೊಂಡದ್ದು, ಬಿ450 ಬೋರ್ಡ್. ಎಎಂಡಿ ಕಂಪನಿಯವರು ಎಎಂ4 ಎಂಬ ಒಂದೇ ಅಚ್ಚಿನ ಸಾಕೆಟ್ಟನ್ನು ಬಹಳ ವರ್ಷ ನಡೆಸಿಕೊಂಡು ಬಂದರು. ಹೀಗಾಗಿ 2022ರಲ್ಲಿ ಬಂದ ರೈಜೆನ್ 5 5600 ಕೂಡ ಈ ಹಳೆಯ ಬೋರ್ಡಿಗೇ ಕೂರುತ್ತದೆ. ಬೋರ್ಡೂ ಬೇಡ, ರ್‍ಯಾಮೂ ಬೇಡ. ಎರಡರಲ್ಲೂ ಭಟ್ಟರು ಆರೇ ಜನ. ಆದರೆ ಹಳೆಯದರ ವೇಗ 3.6 ಗಿಗಾಹರ್ಟ್ಸ್‌ವರೆಗೆ, ಹೊಸದರದ್ದು 4.4. ಹಳೆಯದರಲ್ಲಿ 16 ಎಂಬಿ ಒಗ್ಗರಣೆ ಡಬ್ಬಿಯನ್ನು ಎಂಟೆಂಟರಂತೆ ಎರಡು ಕಡೆ ಇಟ್ಟಿದ್ದರು. ಹೊಸದರಲ್ಲಿ 32 ಎಂಬಿ, ಎಲ್ಲರ ಕೈಗೂ ಎಟುಕುವ ಒಂದೇ ಡಬ್ಬಿ. 5500 ಎಂಬುದು ಇನ್ನೂ ಅಗ್ಗ, ಆದರೆ ಅದರ ಡಬ್ಬಿ 16 ಎಂಬಿ ಮಾತ್ರ. ಮಗನಿಗೆ 96 ಎಂಬಿಯ 5800ಎಕ್ಸ್3ಡಿ ಮೇಲೆ ಕಣ್ಣು. "ಬಡಿಸೋರು ಹಳಬರೇ ಅಲ್ವೇನೋ, ಊಟದಮನೆ ಹಿಡಿಯೋದಕ್ಕಿಂತ ಹೆಚ್ಚು ಬೇಯಿಸಿ ಏನು ಮಾಡ್ತೀಯಾ?" ಅಂದೆ. ನಮ್ಮ ಗ್ರಾಫಿಕ್ಸ್ ಕಾರ್ಡ್ 2019ರ ಜಿಟಿಎಕ್ಸ್ 1650. ಅವನು ನಕ್ಕು ಸುಮ್ಮನಾದ. ನಾನು ಗೆದ್ದದ್ದು ಅಪರೂಪ, ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಮನೆಯದು ಇಂಟೆಲ್ ಆಗಿದ್ದರೆ ಲೆಕ್ಕ ಬೇರೆ. ಇಂಟೆಲ್‌ನವರ ಆರು ಮತ್ತು ಏಳನೇ ತಲೆಮಾರಿನ ಬೋರ್ಡಿಗೆ 2017ರಲ್ಲಿ ಬಂದ ಎಂಟನೇ ತಲೆಮಾರಿನ ಪ್ರೊಸೆಸರ್ ಅಳತೆಗೆ ಸರಿಯಾಗಿ ಕೂರುತ್ತದೆ, ಆದರೆ ನಡೆಯುವುದಿಲ್ಲ! ಅಂಥವರಿಗೆ ಬೋರ್ಡ್ ಬದಲಿಸುವುದು ತಪ್ಪದು. ಆಗ 2022ರ ಐ5-12400ಎಫ್ ಮಧ್ಯಮ ದರ್ಜೆಯಲ್ಲಿ ಮರ್ಯಾದಸ್ಥ ಆಯ್ಕೆ. ಅದಕ್ಕೆ ಡಿಡಿಆರ್4 ಬೋರ್ಡೂ ಸಿಗುತ್ತದೆ, ಡಿಡಿಆರ್5 ಬೋರ್ಡೂ ಸಿಗುತ್ತದೆ. ಮನೆಯಲ್ಲಿ ಡಿಡಿಆರ್4 ರ್‍ಯಾಮ್ ಇದ್ದರೆ ಅದೇ ಬೋರ್ಡ್ ಕೇಳಿ, ಹಳೆಯ ರ್‍ಯಾಮ್ ಉಳಿಯುತ್ತದೆ. ಒಂದರ ರ್‍ಯಾಮ್ ಇನ್ನೊಂದಕ್ಕೆ ಹಿಡಿಸದು. 2025ರ ಕೊನೆಯಿಂದ ರ್‍ಯಾಮ್ ಬೆಲೆ ಚಿನ್ನದ ಹಾದಿ ಹಿಡಿದಿದ್ದು ನಿಮಗೂ ಗೊತ್ತಿರಬಹುದು. ಎಐ ನಡೆಸುವ ದೊಡ್ಡ ದೊಡ್ಡ ಕೇಂದ್ರಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳುತ್ತಿರುವುದು ಕಾರಣ.

‘ಐ5 ಅಂದ್ರೆ ಐ5 ಕಣಮ್ಮ’ ಎನ್ನುವವರ ಮಾತು ನಂಬಬೇಡಿ. ಹೆಸರು ಒಂದೇ ಇದ್ದರೂ ಯಾವ ವರ್ಷದ ಬೆಳೆ ಎಂಬುದು ಮುಖ್ಯ. 2022ರ ಐ3-12100ರ ಮುಂದೆ 2017ರ ಐ5-7500 ನಿಲ್ಲುವುದಿಲ್ಲ. ಕೊನೆಯ ಅಕ್ಷರವನ್ನೂ ನೋಡಿ. ಇಂಟೆಲ್‌ನಲ್ಲಿ ಎಫ್ ಇದ್ದರೆ ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಪರದೆ ಮೇಲೆ ಏನೂ ಬಾರದು. ರೈಜೆನ್ 5600ಕ್ಕೂ ಅದೇ ಮಾತು. ಕಾರ್ಡ್ ಇಲ್ಲದ ಮನೆಯವರು 5600ಜಿ ಕೇಳಬೇಕು.

ನವೆಂಬರ್‌ನಲ್ಲಿ ಒಂದು ಶನಿವಾರ ಹೊಸಕೋಟೆಗೆ ಹೋಗಿ, ಅಲ್ಲಿಂದ ಮಾರ್ಕೆಟ್ ಬಸ್ ಹತ್ತಿ, ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದೆವು. ಟೌನ್‌ಹಾಲ್ ಹತ್ತಿರದ ಸಾದರ ಪತ್ರಪ್ಪ ರಸ್ತೆ ಅಂದರೂ ಅದೇ. ಒಂದು ಅಂಗಡಿಯಿಂದ ಇನ್ನೊಂದಕ್ಕೆ ಐನೂರು, ಆರುನೂರು ವ್ಯತ್ಯಾಸ. ನಾಲ್ಕು ಕಡೆ ಕೇಳದೆ ಕೈಚೀಲ ತೆರೆಯಬೇಡಿ. ಡಬ್ಬಿ ಸಮೇತ ಬರುವ ಪ್ರೊಸೆಸರಿಗೆ ಕಂಪನಿಯ ಮೂರು ವರ್ಷದ ವಾರಂಟಿ ಇರುತ್ತದೆ, 5600ರ ಡಬ್ಬಿಯಲ್ಲಿ ಫ್ಯಾನೂ ಇರುತ್ತದೆ. ಬಿಡಿಯಾಗಿ ಕೊಡುವುದಕ್ಕೆ ಅಂಗಡಿಯವರು ಹೇಳಿದ್ದೇ ವಾರಂಟಿ. ಜಿಎಸ್‌ಟಿ ಬಿಲ್ಲು ಕೇಳಿ ಪಡೆದೆ. ಎಲ್ಲಾ ಸೇರಿ ಹನ್ನೊಂದು ಸಾವಿರದೊಳಗೆ ಮುಗಿಯಿತು.

ಎಡವಿದ್ದು ಆಮೇಲೆ. ಪೆಟ್ಟಿಗೆಯನ್ನೂ ಹೊತ್ತುಕೊಂಡೇ ಹೋಗಿದ್ದೆವು. ಜೋಡಿಸಿಕೊಡುತ್ತೇವೆಂದ ಒಂದು ಅಂಗಡಿಯಲ್ಲಿ (ಹೆಸರು ಬೇಡ) ಹಳೆಯದನ್ನು ಕಿತ್ತು ಹೊಸದನ್ನು ಕೂರಿಸಿ, "ಮನೇಲಿ ಹೋಗಿ ಹಾಕ್ಕೊಳ್ಳಿ ಮೇಡಂ" ಅಂದರು. ರಾತ್ರಿ ಎಂಟು ಗಂಟೆಗೆ ಮನೆ ಸೇರಿ ಸ್ವಿಚ್ ಹಾಕಿದರೆ ಫ್ಯಾನು ತಿರುಗುತ್ತದೆ, ಪರದೆ ಕಪ್ಪು. ನಮ್ಮ ಯಜಮಾನರು ಏನೂ ಹೇಳಲಿಲ್ಲ. ಹೇಳಿದ್ದರೇ ಚೆನ್ನಾಗಿತ್ತು. ನನಗೆ ಅನ್ನ ಇಳಿಯಲಿಲ್ಲ.

ಕೆಟ್ಟಿರಲಿಲ್ಲ ಕಣ್ರೀ. ಮದರ್‌ಬೋರ್ಡಿನಲ್ಲಿ ಬಯೋಸ್ ಎಂಬ ಪುಟ್ಟ ತಂತ್ರಾಂಶ ಇರುತ್ತದೆ. 2019ರ ಆ ಬಯೋಸ್‌ಗೆ 2022ರ ಪ್ರೊಸೆಸರಿನ ಗುರುತು ಹೇಗೆ ಸಿಗಬೇಕು? ಹಳೆಯ ಪ್ರೊಸೆಸರ್ ಇರುವಾಗಲೇ ಬಯೋಸ್ ಹೊಸದು ಮಾಡಿ, ಆಮೇಲೆ ಬದಲಿಸಬೇಕಿತ್ತು. ಹಳೆಯದನ್ನು ಮತ್ತೆ ಕೂರಿಸಿ, ಬೋರ್ಡ್ ಕಂಪನಿಯ ತಾಣದಿಂದ ಹೊಸ ಬಯೋಸ್ ಪೆನ್‌ಡ್ರೈವಿಗೆ ಇಳಿಸಿಕೊಂಡು ಮಗನೇ ಭಾನುವಾರ ಬೆಳಗ್ಗೆ ಮಾಡಿದ. ಆ ಹತ್ತು ನಿಮಿಷ ಕರೆಂಟ್ ಹೋಗಬಾರದು, ಹೋದರೆ ಬೋರ್ಡೇ ಕೆಡಬಹುದು. ಪಕ್ಕದ ಮನೆಯಿಂದ ಯುಪಿಎಸ್ ತಂದಿಟ್ಟುಕೊಂಡೆವು. ನಿಮ್ಮೂರಿನ ಕರೆಂಟ್ ನಂಬುವಂತಿದ್ದರೂ ಹೀಗೇ ಮಾಡಿ.

ಎಎಂ4 ಪ್ರೊಸೆಸರಿನ ಹೊಟ್ಟೆಯ ಕೆಳಗೆ ಸೂಜಿಯಂಥ ಪಿನ್ನುಗಳಿರುತ್ತವೆ. ಫ್ಯಾನಿನ ಅಡಿಯ ಪೇಸ್ಟ್ ಒಣಗಿ ಅಂಟಿಕೊಂಡಿದ್ದು ನೇರ ಎಳೆದರೆ ಪ್ರೊಸೆಸರೇ ಕಿತ್ತುಕೊಂಡು ಬಂದು ಪಿನ್ ಬಾಗುತ್ತದೆ. ಬಿಚ್ಚುವ ಮುಂಚೆ ಸ್ವಲ್ಪ ಹೊತ್ತು ಆಟ ಆಡಿಸಿ ಬಿಸಿ ಮಾಡಿ, ಆರಿಸಿ, ತಂತಿ ಕಿತ್ತು, ಫ್ಯಾನನ್ನು ಎಡಕ್ಕೆ ಬಲಕ್ಕೆ ತಿರುಗಿಸುತ್ತಾ ಎತ್ತಬೇಕು. ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಮೊದಲು ನೋಡಬೇಕಾದ್ದೂ ಈ ಪಿನ್ನುಗಳನ್ನೇ.

ಮಧ್ಯಾಹ್ನದ ಹೊತ್ತಿಗೆ ಪರದೆ ಬೆಳಗಿತು. ವ್ಯಾಲೊರಂಟ್ ತಡವರಿಸುವುದು ನಿಂತಿದೆ. ಬಯೋಸ್‌ನಲ್ಲಿ ಟಿಪಿಎಂ ಎಂಬುದನ್ನು ಚಾಲು ಮಾಡಿದ ಮೇಲೆ ವಿಂಡೋಸ್ 11ನೂ ಕೂತಿತು. ಹೊಸ ಹೊಸ ದೊಡ್ಡ ಆಟಗಳು ಮಾತ್ರ ಮೊದಲಿನಂತೆಯೇ ನಿಧಾನ. ಅಲ್ಲಿ ಜಿಪಿಯು ತೊಂಬತ್ತೆಂಟು ತೋರಿಸುತ್ತದೆ. "ಅದು ನನ್ನ ದುಡಿಮೆಯಲ್ಲಿ ತಗೋತೀನಿ ಬಿಡು" ಅಂದಿದ್ದಾನೆ ಮಗ. ಹಳೆಯ 1600ನ್ನು ಪಿನ್ ಬಾಗದ ಹಾಗೆ ಹೊಸದರ ಪ್ಲಾಸ್ಟಿಕ್ ಗೂಡಿನಲ್ಲಿಟ್ಟು ಬೀರುವಿನಲ್ಲಿ ಇಟ್ಟಿದ್ದೇನೆ. ಹೊಸಕೋಟೆಯ ಹುಡುಗನೊಬ್ಬ ಕೇಳಿದ್ದಾನಂತೆ. ಬಂದ ದುಡ್ಡು ಮಗಳ ಫೀಸಿನ ಗಂಟಿಗೆ ವಾಪಸು ಸೇರಬೇಕೆಂದು ಅಣ್ಣ ತಂಗಿ ಇಬ್ಬರ ಎದುರಿಗೇ ಹೇಳಿದ್ದೇನೆ.